ಮೂರು ವರ್ಷದ ಅನುಭವ

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನನ್ನದೊಂದು ಸಣ್ಣ ಅಂಗಡಿ. ಪಾಸ್‌ಪೋರ್ಟ್, ವೀಸಾ, ಪೊಲೀಸ್ ಪ್ರಮಾಣಪತ್ರ, ಹೆಸರು ತಿದ್ದುಪಡಿ, ಹೀಗೆ ಯಾವ ಅರ್ಜಿಯಾದರೂ ತುಂಬಿಕೊಡುತ್ತೇನೆ. ಹತ್ತೊಂಬತ್ತು ವರ್ಷದಿಂದ ಇದೇ ಕಸುಬು. ಎದುರಿನ ಕುರ್ಚಿಯಲ್ಲಿ ಕೂತವರ ಕಾಗದಗಳನ್ನು ಒಂದು ಸಲ ತಿರುವಿ ಹಾಕಿದರೆ ಸಾಕು, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವಷ್ಟು ಪಳಗಿದ್ದೇನೆಂದು ನಂಬಿಕೊಂಡಿದ್ದೆ. ಪ್ರಮಿಳಾಳ ಕಾಗದ ನೋಡಿದ ದಿನವೂ ಹಾಗೆಯೇ, ಇದು ಆಗುವುದಿಲ್ಲ ಎಂದುಕೊಂಡೆ.

ಅದು ಫೆಬ್ರುವರಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದರೊಳಗೆ ಬಂದು ನಿಂತಿದ್ದಳು. ಇಪ್ಪತ್ತೊಂಬತ್ತು ವರ್ಷ, ಗಟ್ಟಿ ಮೈಕಟ್ಟು, ಬಿಸಿಲು ತಿಂದ ಮುಖ. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ಗುರುಪಾದಪ್ಪ ಕಾಕಾರು ನೀವೇನ್ರಿ? ಸ್ಪೇನ್ ದೇಶದ ವೀಸಾಕ್ಕ ಅರ್ಜಿ ಹಾಕಬೇಕಾಗಿತ್ತರೀ."

"ಓದಾಕ ಹೊಂಟೀ ಏನವಾ?"

"ಇಲ್ರಿ. ನಾ ಮನ್ಯಾಗ ಕುಂತ ಐರ್ಲೆಂಡಿನ ಕಂಪನೀ ಕೆಲಸಾ ಮಾಡ್ತೇನ್ರಿ. ಅದ ಕೆಲಸಾನ ಸ್ಪೇನಿನ್ಯಾಗ ಇದ್ದು ಮಾಡಬೇಕಂತೇನಿ. ಹಂಗ ಮಾಡವರಿಗಂತನ ಒಂದ ವೀಸಾ ಐತೆಲ್ರೀ, ಅದು."

ಅಂಥ ವೀಸಾ ಇರುವುದು ನನಗೆ ಗೊತ್ತಿತ್ತು. ಒಂದು ದೇಶದ ಸಂಬಳ ಪಡೆದು ಇನ್ನೊಂದು ದೇಶದಲ್ಲಿ ವರ್ಷಗಟ್ಟಲೆ ಇರಲು ಬಯಸುವ ಕಂಪ್ಯೂಟರ್ ಮಂದಿ ಕೇಳಿಕೊಂಡು ಬರುತ್ತಿದ್ದರು. ಯಾವ ಕೆಲಸ ಎಂದು ಕೇಳಿದೆ.

"ಕುರಿ ನೋಡೂದ್ರಿ."

ನಾನು ನಕ್ಕುಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತು ಬಿಡಿಸಿ ಹೇಳಿದಳು. ಐರ್ಲೆಂಡಿನ ಆ ಕಂಪನಿ ದೊಡ್ಡ ದೊಡ್ಡ ಕುರಿಹಿಂಡುಗಳಿಗೆ ಕ್ಯಾಮೆರಾ ಹಾಕುತ್ತದೆ. ಯಾವ ಕುರಿಗೆ ಕಾಲುನೋವು ಶುರುವಾಗಿದೆ, ಯಾವುದಕ್ಕೆ ಜ್ವರ ಬರುವುದರಲ್ಲಿದೆ ಎಂಬುದನ್ನು ಕಂಪ್ಯೂಟರೇ ಕಂಡುಹಿಡಿದು ಕುರುಬನಿಗೆ ತಿಳಿಸಬೇಕು. ಆದರೆ ಕಂಪ್ಯೂಟರಿಗೆ ಅದನ್ನು ಯಾರಾದರೂ ಕಲಿಸಬೇಕಲ್ಲ. ಕುರಿ ಬಲ್ಲವರು ಸಾವಿರಾರು ವಿಡಿಯೋ ನೋಡಿ, ಇದು ಕುಂಟುತ್ತಿದೆ, ಇದು ಗಬ್ಬ ಇದೆ, ಇದಕ್ಕೆ ಹೊಟ್ಟೆ ಉಬ್ಬಿದೆ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ಆ ಕೆಲಸ ಪ್ರಮಿಳಾಳದು. ಊರಲ್ಲಿ ನೆಟ್‌ವರ್ಕ್ ನೆಟ್ಟಗಿರುವುದಿಲ್ಲವೆಂದು ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದಿನ ಕೋಣೆ ಬಾಡಿಗೆ ಹಿಡಿದಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

"ಸ್ಪೇನ್ ಯಾಕ ಮತ್ತ?"

"ನಾ ನೋಡೂ ವಿಡಿಯೋದಾಗ ಅರ್ಧಕ್ಕರ್ಧ ಅಲ್ಲೀ ಒಂದ ಗುಡ್ಡದ ಊರಿನ ಹಿಂಡಿನವು ರೀ. ಎಪ್ಪತ್ತ ದಾಟಿದ ಮುದುಕ ಒಬ್ಬಾಂವ ಕಾಯತಾನ. ಬ್ಯಾಸಿಗ್ಯಾಗ ಹಿಂಡ ಹೊಡಕೊಂಡು ಗುಡ್ಡಾ ಹತ್ತತಾನ. ಈ ವರ್ಷಾ ಮುಗೀತಂದ್ರ ಅಂವಾ ಬಿಡಾಂವ. ಹಿಂಡ ಹಂಚಿ ಹೋಗತೈತಿ. ಎರಡ ವರ್ಷದ ಮ್ಯಾಲಾತು, ದಿನಾ ನೋಡೇನಿ ಆ ಕುರಿಗೋಳನ್ನ. ಒಂದನ್ನೂ ಕೈಲೆ ಮುಟ್ಟಿಲ್ರಿ."

ಕಂಪನಿ ಒಪ್ಪಿಗೆ ಪತ್ರ ಕೊಟ್ಟಿತ್ತು. ಸಂಬಳದ ಪತ್ರವಿತ್ತು. ಪಾಸ್‌ಪೋರ್ಟ್ ಇತ್ತು. ಇಲ್ಲದಿದ್ದುದು ಒಂದೇ. ಆ ವೀಸಾಕ್ಕೆ ಡಿಗ್ರಿ ಇರಬೇಕು, ಇಲ್ಲವೇ ಅದೇ ಕ್ಷೇತ್ರದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಪ್ರಮಿಳಾ ಓದಿದ್ದು ಖಾನಾಪುರದಲ್ಲಿ ಪಿಯುಸಿವರೆಗೆ. ಅನುಭವಕ್ಕೆ ಎಂಟು ತಿಂಗಳು ಕಡಿಮೆ.

ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. "ನನ್ನ ಗುರ್ತಿನವರದೊಂದು ಕಂಪ್ಯೂಟರ್ ಸೆಂಟರ್ ಐತಿ. ಹಿಂದಿನ ತಾರೀಖ ಹಾಕಿ ಒಂದ ವರ್ಷದ ಲೆಟರ್ ಕೊಡತಾರ. ಮುಂಬೈದಾಗ ಕುಂತ ವೀಸಾ ಕೊಡವರು ಇಲ್ಲಿಗೆ ಬಂದ ನೋಡ್ತಾರೇನು?" ಎಂದೆ.

ಅವಳು ಫೈಲಿನ ಗುಂಡಿ ಹಾಕಿದಳು, ತೆಗೆದಳು. ಆಮೇಲೆ ನನ್ನನ್ನು ನೋಡಿ ಕೇಳಿದಳು: "ಹಂಗಾರ ನಾ ಆರ ವರ್ಷ ಕುರಿ ಕಾದದ್ದು ಯಾವ ಲೆಕ್ಕಕ್ಕೂ ಬರೂದಿಲ್ಲೇನ್ರಿ ಕಾಕಾ?"

ಅವಳು ಪಿಯುಸಿ ಮುಗಿಸಿದ ವರ್ಷ ಅವಳಪ್ಪ ನಾಗಲಿಂಗ ಮೇವಿನ ಸೊಪ್ಪಿಗೆಂದು ಮರ ಹತ್ತಿ ಬಿದ್ದು ಸೊಂಟ ಮುರಿದುಕೊಂಡಿದ್ದ. ತಮ್ಮ ರಾಮಲಿಂಗ ಇನ್ನೂ ಹನ್ನೆರಡರ ಹುಡುಗ. ಮುಂದಿನ ಓದು ಬಿಟ್ಟು ಅವ್ವನ ಜೊತೆ ಹಿಂಡಿನ ಹಿಂದೆ ನಡೆದವಳು ಪ್ರಮಿಳಾ. ಹೊಲದಿಂದ ಹೊಲಕ್ಕೆ, ಖಾನಾಪುರದ ಕಾಡಂಚಿನಿಂದ ಬೆಳಗಾವಿಯ ಬಯಲಿನತನಕ, ತಮ್ಮ ದೊಡ್ಡವನಾಗಿ ಹಿಂಡು ವಹಿಸಿಕೊಳ್ಳುವವರೆಗೆ ಆರು ವರ್ಷ.

"ಅದಕ್ಕ ಯಾರವಾ ಲೆಟರ್ ಕೊಡವ್ರು? ಕುರಿ ಕಾಯವರಿಗೆ ಯಾರರೆ ನೇಮಕಾತಿ ಪತ್ರ ಕೊಡತಾರೇನು?"

"ಕೊಡೂವ್ರು ಇದ್ದಾರೇನು ಹುಡುಕೂಣ್ರಿ. ಸಿಗಲಿಲ್ಲಂದ್ರ ಬಿಡೂಣು. ಸುಳ್ಳ ಲೆಟರ್ ಮಾತ್ರ ಬ್ಯಾಡ."

ದನಿ ಏರಿಸಲಿಲ್ಲ, ಉಪದೇಶ ಮಾಡಲಿಲ್ಲ. ಬ್ಯಾಡ ಎಂದಳು, ಅಷ್ಟೇ. ನನಗೆ ಕಿವಿ ಬಿಸಿಯಾಯಿತು. ಆ ಶನಿವಾರ ಅಂಗಡಿ ಮುಚ್ಚಿ ಅವಳ ಜೊತೆ ಹೊರಟೆ. ಪತ್ರ ಸಿಕ್ಕರೆ ಅದರಲ್ಲಿ ಏನೇನಿರಬೇಕೆಂದು ಹೇಳಲು ನಾನು ಬೇಕು ಎಂಬುದು ನಾನು ಕೊಟ್ಟುಕೊಂಡ ಕಾರಣ.

ಹಿಂಡು ಆಗ ದೇಸೂರಿನ ಸ್ಟೇಶನ್ನಿನ ಆಚೆಯ ಹೊಲದಲ್ಲಿತ್ತು. ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಂಡಿದ್ದರು. ಪ್ರಮಿಳಾಳ ತಾಯಿ ಭರಮವ್ವ ಹೆಗಲ ಮೇಲಿನ ಕಂಬಳಿ ತೆಗೆದು ಮಡಿಸಿ ನೆಲಕ್ಕೆ ಹಾಕಿದಳು. "ಬರ್ರಿ ಸಾವ್ಕಾರ್ರ, ಕುಂದರ್ರಿ. ನಮ್ಮ ಪೋರಿ ಏನ ಕೆಲಸಾ ಮಾಡ್ತಾಳ ಅನ್ನೂದು ನಿಮಗ ತಿಳದೈತೇನ್ರಿ?"

"ಅರ್ಧಾ ತಿಳದೈತಿ" ಎಂದೆ.

"ನೋಡ್ರಿ ಹಂಗಾರ." ಆಕೆ ಬಾಯಲ್ಲಿ ಒಂದು ಸದ್ದು ಮಾಡಿದಳು. ಇನ್ನೂರು ಕುರಿಗಳು ಎದ್ದು, ಧೂಳೆಬ್ಬಿಸುತ್ತ, ತಾಯಿ ಮಗಳ ನಡುವೆ ಹಾದುಹೋದವು. ಇಬ್ಬರೂ ಕೈಕಟ್ಟಿ ನಿಂತಿದ್ದರು. ನಾನೂ ಕಣ್ಣು ಬಿಟ್ಟುಕೊಂಡು ನೋಡಿದೆ. ನನಗೆ ಕಂಡದ್ದು ಕುರಿಗಳು, ಬರೀ ಕುರಿಗಳು.

"ಯಾವ್ದು?" ಎಂದಳು ತಾಯಿ.

"ಕರೀ ಮಾರಿದು. ಎಡಗಡೆ ಮುಂಗಾಲು."

"ಹೂಂ. ಮತ್ತ?"

ಪ್ರಮಿಳಾ ಹುಬ್ಬು ಗಂಟಿಕ್ಕಿದಳು. "ಮತ್ತೊಂದೈತೇನಬೇ?"

ಭರಮವ್ವ ಗೊಳ್ಳೆಂದು ನಕ್ಕಳು. "ಇಕೀಗೆ ಕಂಪನಿಯವರು ಪಗಾರ ಬ್ಯಾರೆ ಕೊಡತಾರ ನೋಡ್ರಿ! ಆ ಬಿಳೇದು ನೋಡು. ಎಲ್ಲಾವೂ ತಿರುಗಿದ ಮ್ಯಾಲೆ ತಿರುಗ್ತು. ಕಿವಿ ಜೋತಬಿಟ್ಟೈತಿ."

ಎರಡನ್ನೂ ಹಿಡಿದು ತಂದರು. ಕರಿ ಮುಖದ್ದರ ಗೊರಸು ಬಿಡಿಸಿದರೆ ಸಂದಿಯಲ್ಲಿ ಜಾಲಿಮುಳ್ಳು, ಅಕ್ಕಿಕಾಳಿನಷ್ಟು. ಅದು ಕುಂಟುವುದನ್ನು ನಾನು ಕಂಡಿರಲಿಲ್ಲ, ಮುಳ್ಳು ತೋರಿಸಿದ ಮೇಲೂ ನೆನಪಿಗೆ ಬರಲಿಲ್ಲ. ಬಿಳಿಯದರ ಕಿವಿ ಮುಟ್ಟಿ ನೋಡಿ ಎಂದರು. ಕೆಂಡದ ಹಾಗೆ ಸುಡುತ್ತಿತ್ತು. ಪ್ರಮಿಳಾ ತನಗೆ ತಪ್ಪಿದ್ದನ್ನು ಸುಮ್ಮನೆ ಬಿಡಲಿಲ್ಲ. ಫೋನ್ ತೆಗೆದು ಆ ಬಿಳಿ ಕುರಿ ನಡೆಯುವುದನ್ನು, ತಿರುಗುವುದನ್ನು ನಾಲ್ಕು ಸಲ ವಿಡಿಯೋ ಮಾಡಿಕೊಂಡಳು. "ಇದನ್ನ ನಾ ವಿಡಿಯೋದಾಗ ಎಷ್ಟ ಸಲ ಬಿಟ್ಟಿರಬೇಕೋ ಏನೋ. ಸೋಮವಾರ ಹಳೇವನ್ನ ತಿರುಗಿ ನೋಡ್ತೇನಿ" ಎಂದಳು. ಯಾರೂ ಕೇಳದ ಕೆಲಸ ಅದು.

ಬಸ್ಸು ಹಿಡಿದು ಖಾನಾಪುರದ ಪಶು ದವಾಖಾನೆಗೆ ಹೋದೆವು. ವರ್ಷಕ್ಕೆ ಎರಡು ಸಲ ಅವರ ಹಿಂಡಿಗೆ ಲಸಿಕೆ ಹಾಕಿಸುತ್ತಿದ್ದುದು ಅಲ್ಲಿಂದಲೇ. ಡಾಕ್ಟರು ಸಪ್ನಾ ಎಂಬುವವರು, ಬಂದು ಒಂದು ವರ್ಷವಾಗಿತ್ತಷ್ಟೇ, ಪ್ರಮಿಳಾಳ ಗುರುತಿಲ್ಲ. ಆದರೆ ಅಲ್ಲೇ ಮೂವತ್ತು ವರ್ಷ ಸವೆಸಿದ ಉಳವಪ್ಪ ಎಂಬ ಸಹಾಯಕ ಅವಳನ್ನು ಕಂಡದ್ದೇ ಮರಾಠಿಯಲ್ಲಿ ಮಾತಿಗಿಳಿದ. ಅವಳೂ ಮರಾಠಿಯಲ್ಲೇ ಅವನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ವಿಚಾರಿಸಿ ಮುಗಿಸುವ ಹೊತ್ತಿಗೆ ನನ್ನ ಚಹಾ ಆರಿತ್ತು. ವಿಷಯ ತಿಳಿದ ಉಳವಪ್ಪ ಒಳಗಿನ ಕಪಾಟಿನಿಂದ ಹಳೆಯ ಲಸಿಕೆ ರಿಜಿಸ್ಟರುಗಳನ್ನು ಹೊತ್ತು ತಂದ.

ಎರಡು ಸಾವಿರದ ಹದಿನಾಲ್ಕು ತೆಗೆದೆವು. ಕುರಿಗಳ ಮಾಲಕರ ಹೆಸರು: ನಾಗಲಿಂಗ. ಹದಿನೈದು: ನಾಗಲಿಂಗ. ಹದಿನಾರು: ನಾಗಲಿಂಗ. ಹತ್ತೊಂಬತ್ತರವರೆಗೂ ಅದೇ. ಹಿಂಡು ಅವನ ಹೆಸರಿನಲ್ಲಿತ್ತು, ಅದನ್ನೇ ಬರೆದಿದ್ದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಸೊಂಟ ಮುರಿದು ಮಲಗಿದವನ ಹೆಸರು ಆರು ವರ್ಷವೂ ಪುಸ್ತಕದಲ್ಲಿ ಕುರಿ ಕಾದಿತ್ತು, ಕುರಿ ಕಾದವಳ ಹೆಸರು ಎಲ್ಲೂ ಕಾಣಲಿಲ್ಲ. ನಾನು ಕನ್ನಡಕ ತೆಗೆದೆ. ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ.

"ಈ ಕಡೆ ನೋಡ್ರಿ" ಎಂದು ಉಳವಪ್ಪ ಪುಟದ ಕಟ್ಟಕಡೆಯ ಅಂಕಣದ ಮೇಲೆ ಬೆರಳಿಟ್ಟ.

ಲಸಿಕೆ ಹಾಕಿಸಿದವರ ಸಹಿ ಎಂಬ ಅಂಕಣ ಅದು. ಮೇಲಿಂದ ಕೆಳಗಿನವರೆಗೆ ಹೆಬ್ಬೆಟ್ಟಿನ ಗುರುತುಗಳು. ನಡುವೆ ಒಂದೇ ಒಂದು ನೀಲಿ ಶಾಯಿಯ ಸಹಿ, ಶಾಲೆಯ ಮಕ್ಕಳು ಬರೆಯುವಂಥ ದುಂಡಕ್ಷರದಲ್ಲಿ: ಪ್ರಮಿಳಾ ನಾ. ಮುಂದಿನ ಆರು ತಿಂಗಳಿಗೆ ಮತ್ತೆ ಅದೇ. ಪುಟ ತಿರುವಿದಂತೆಲ್ಲ ಆ ಸಹಿ ಸಿಗುತ್ತಲೇ ಹೋಯಿತು. ನಾನು ಒಂದೊಂದನ್ನೂ ಜೋರಾಗಿ ಓದಿದೆ. ಡಾಕ್ಟರು ಎದ್ದು ಬಂದು ಭುಜದ ಮೇಲಿಂದ ಇಣುಕಿದರು.

ಹದಿನೇಳನೆಯ ಇಸವಿಗೆ ಬಂದಾಗ ಪ್ರಮಿಳಾ ಕೈ ಅಡ್ಡ ಇಟ್ಟಳು.

"ಇದು ನಂದಲ್ರಿ ಮೇಡಮ್."

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಕಾಲು ತೆಗೆದುಕೊಂಡು ಮುಂದುವರಿಸಿದಳು. "ಆ ವರ್ಷ ನಾ ಬೆಳಗಾವ್ಯಾಗ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ನಿ. ನಮ್ಮ ರಾಮ್ಯಾ ಹಿಂಡ ಹೊಡಕೊಂಡ ಬಂದಿದ್ದ. ಈ ಜಾಗಾದಾಗ ನನ್ನ ಹೆಸರ ಬರೀಬೇಕಂತ ತಿಳದು ಬರದಾನ. ಅಂವಂದು ಳಾ ನೋಡ್ರಿ, ಬ್ಯಾರೇನ ಐತಿ. ಈ ವರ್ಷದ್ದು ಎರಡೂ ಬಿಡ್ರಿ."

ಡಾಕ್ಟರು ಆ ಎರಡೂ ಸಹಿಗಳನ್ನು ಹಿಂದಿನ ವರ್ಷದ ಸಹಿಯ ಜೊತೆ ಹೋಲಿಸಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಹಿಂಡು ಸಾಕುವುದರ ಬಗ್ಗೆ ಪ್ರಮಿಳಾಳಿಗೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅದು ಪರೀಕ್ಷೆಯೋ ಕುತೂಹಲವೋ ನನಗೆ ತಿಳಿಯಲಿಲ್ಲ. ಕೊನೆಗೆ ದವಾಖಾನೆಯ ಕಾಗದದ ಮೇಲೆ ಪತ್ರ ಬರೆದುಕೊಟ್ಟರು. ಆರು ವರ್ಷಗಳ ಪೈಕಿ ಐದು ವರ್ಷ ಇವರೇ ಹಿಂಡನ್ನು ನೋಡಿಕೊಂಡು ಲಸಿಕೆಗೆ ತಂದದ್ದಕ್ಕೆ ನಮ್ಮಲ್ಲಿ ದಾಖಲೆ ಇದೆ ಎಂದು ಬರೆದು, ಕೆಳಗೆ ನಾನು ಹೇಳದ ಒಂದು ಸಾಲು ಸೇರಿಸಿದರು: 'ದಾಖಲೆ ಪರಿಶೀಲಿಸುವಾಗ ತಮ್ಮದಲ್ಲದ ಎರಡು ಸಹಿಗಳನ್ನು ಅರ್ಜಿದಾರರೇ ತೋರಿಸಿಕೊಟ್ಟರು.'

ಬಸ್ಸಿನಲ್ಲಿ ಬರುವಾಗ ಆ ಸಾಲನ್ನು ಎರಡು ಸಲ ಓದಿದೆ. ಹತ್ತೊಂಬತ್ತು ವರ್ಷದಲ್ಲಿ ಅಂಥ ಸಾಲಿದ್ದ ಪ್ರಮಾಣಪತ್ರ ನನ್ನ ಕೈಗೆ ಬಂದಿರಲಿಲ್ಲ. "ಕಾಲ ತುಳದ್ನೆಲ್ಲವಾ, ನೋವಾತೇನು?" ಎಂದು ಕೇಳಿದೆ. "ಕುರಿ ಇದಕ್ಕಿಂತಾ ಜೋರ ತುಳೀತಾವ್ರಿ" ಎಂದು ಕಿಟಕಿಯ ಕಡೆ ತಿರುಗಿ ನಕ್ಕಳು.

ಪೊಲೀಸ್ ಪ್ರಮಾಣಪತ್ರ, ವಿಮೆ, ಸರ್ಕಾರಿ ಮೊಹರು, ಸ್ಪ್ಯಾನಿಷ್ ಭಾಷೆಗೆ ಅನುವಾದ, ಇವೆಲ್ಲ ಮುಗಿಯಲು ಒಂದು ತಿಂಗಳು ಹಿಡಿಯಿತು. ಪ್ರಮಿಳಾ ಒಬ್ಬಳೇ ಮುಂಬೈಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಎರಡು ವಾರಕ್ಕೆ ಅಲ್ಲಿಂದ ಇಮೇಲ್ ಬಂತು. ಮಂಜೂರೂ ಅಲ್ಲ, ನಿರಾಕರಣೆಯೂ ಅಲ್ಲ. ಕುರಿ ಕಾಯುವ ಅನುಭವಕ್ಕೂ ಈಗ ಕಂಪ್ಯೂಟರಿನಲ್ಲಿ ಮಾಡುವ ಕೆಲಸಕ್ಕೂ ಏನು ಸಂಬಂಧ, ಹತ್ತು ದಿನದೊಳಗೆ ವಿವರಿಸಬೇಕು ಎಂದಿತ್ತು.

ಇದು ನನ್ನ ಕ್ಷೇತ್ರ ಎಂದು ನಾನು ಹುರುಪಿನಿಂದ ಕೂತು ಎರಡು ಪುಟದ ಪತ್ರ ಸಿದ್ಧಮಾಡಿದೆ. ತಲತಲಾಂತರದ ಜ್ಞಾನ, ಆಧುನಿಕ ತಂತ್ರಜ್ಞಾನ, ಎರಡರ ಸಂಗಮ ಎಂದೆಲ್ಲ ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದ ಹಾಕಿದ್ದೆ. ಪ್ರಮಿಳಾ ಪೂರ್ತಿ ಓದಿದಳು.

"ಛಲೋ ಐತ್ರಿ ಕಾಕಾ. ಆದ್ರ ಇದನ್ನ ಓದಿದವರಿಗೆ ಕುರಿ ಕಾಣೂದಿಲ್ರಿ."

ನನ್ನ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ತಾನೇ ಬರೆದಳು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಒಂದೇ ಪುಟ. ಕನ್ನಡದ ಹಾಳೆ ಇಂದಿಗೂ ನನ್ನ ಹತ್ತಿರ ಇದೆ.

'ಮುಂಗಾಲು ನೋಯುವ ಕುರಿ ಆ ಕಾಲು ಊರುವಾಗ ತಲೆ ಎತ್ತುತ್ತದೆ. ಗೊರಸು ಕೊಳೆಯಲು ಶುರುವಾದ ಕುರಿ ಮೊಣಕಾಲೂರಿ ಮೇಯುತ್ತದೆ. ಜ್ವರ ಬರುವ ಕುರಿ ಹಿಂಡು ತಿರುಗಿದ ಮೇಲೆ ತಿರುಗುತ್ತದೆ. ಮೊದಲೆರಡನ್ನು ನಾನು ಹೊಲದಲ್ಲಿ ಕಲಿತೆ, ಈಗ ತೆರೆಯ ಮೇಲೆ ಗುರುತಿಸುತ್ತೇನೆ. ಮೂರನೆಯದನ್ನು ಈ ಫೆಬ್ರುವರಿಯಲ್ಲಿ ನನ್ನ ತಾಯಿಯಿಂದ ಕಲಿತೆ. ಅದಾದ ಮೇಲೆ ಹಳೆಯ ವಿಡಿಯೋಗಳನ್ನು ಮತ್ತೆ ನೋಡಿ ನಾನು ಬಿಟ್ಟುಹೋಗಿದ್ದ ಹನ್ನೊಂದು ಕುರಿಗಳನ್ನು ಗುರುತಿಸಿ ಕಂಪನಿಗೆ ತಿಳಿಸಿದ್ದೇನೆ. ಕೆಲಸಕ್ಕೆ ಸೇರುವ ದಿನ, ಯಾವ ತರಬೇತಿಯೂ ಇಲ್ಲದೆ, ನಾನು ಬರೆದ ಪರೀಕ್ಷೆಯ ಪ್ರತಿ ಇದರ ಜೊತೆಗಿದೆ. ಆ ದಿನ ನನಗೆ ಗೊತ್ತಿದ್ದುದೆಲ್ಲ ಹಿಂಡಿನಿಂದ ಬಂದದ್ದು.'

ಹನ್ನೊಂದು ತಪ್ಪಿನ ಮಾತು ತೆಗೆದುಬಿಡು ಎಂದು ಹೇಳಲು ಹೊರಟಿದ್ದೆ. ಅದರ ಬದಲು ನನ್ನ ಎರಡು ಪುಟ ಹರಿದು ಬುಟ್ಟಿಗೆ ಹಾಕಿ, ಅವಳ ಒಂದು ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿದೆ.

ಬಂಗಲೆಯ ಗೇಟಿಗೆ ಹಗಲೆಲ್ಲ ಬೀಗವಿರುತ್ತಿದ್ದುದರಿಂದ ಕೊರಿಯರಿಗೆ ನನ್ನ ಅಂಗಡಿಯ ವಿಳಾಸ ಕೊಟ್ಟಿದ್ದಳು. ಮೇ ತಿಂಗಳ ಮೊದಲ ವಾರ ಪಾಸ್‌ಪೋರ್ಟ್ ಬಂತು. ಒಡೆದು ನೋಡದೆ ಇರಲಾಗಲಿಲ್ಲ. ಒಂದು ವರ್ಷದ ವೀಸಾ ಅಂಟಿಸಿದ್ದರು. ಫೋನ್ ಮಾಡಿದರೆ ಹತ್ತಲಿಲ್ಲ. ರಾಮಲಿಂಗನಿಗೆ ಮಾಡಿದೆ. ಹಿಂಡು ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಗೆ ಬಂದಿದೆ, ಮಳೆಗಾಲಕ್ಕೆ ಮುಂಚೆ ಉಣ್ಣೆ ತೆಗೆಯುತ್ತಿದ್ದೇವೆ, ಅಕ್ಕನೂ ರಜೆ ಹಾಕಿ ಬಂದಿದ್ದಾಳೆ ಎಂದ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಕುರಿಗಳನ್ನು ಹೊಳೆಯಲ್ಲಿ ತೊಳೆದು ದಂಡೆಯ ಮೇಲೆ ಬಿಟ್ಟಿದ್ದರು. ಪ್ರಮಿಳಾ ಒಂದು ಕುರಿಯ ಕಾಲು ಕಟ್ಟಿ ಕೆಡವಿಕೊಂಡು ಕತ್ತರಿ ಆಡಿಸುತ್ತಿದ್ದಳು. ಒಂದು ಮಗ್ಗುಲ ಉಣ್ಣೆ ಹೋಗಿತ್ತು, ಇನ್ನೊಂದು ಮಗ್ಗುಲದ್ದು ಹಾಗೇ ಇತ್ತು. ನಾನು ದೂರದಿಂದಲೇ ಪಾಸ್‌ಪೋರ್ಟ್ ಮೇಲೆತ್ತಿ, "ಆತವಾ, ಆತು!" ಎಂದು ಕೂಗಿದೆ.

ಅವಳ ಕೈ ಒಂದು ಕ್ಷಣ ನಿಂತಿತು. ಮುಖ ಕೆಂಪಗಾಯಿತು. ಮತ್ತೆ ಕತ್ತರಿ ಓಡಿತು.

"ಈ ಒಂದ ಮುಗಸ್ತೇನ್ರಿ ಕಾಕಾ. ನಡುವ ಬಿಟ್ರ ಹೆದರಿ ಒದ್ದಾಡ್ತೈತಿ, ಕತ್ತರಿ ತಾಗತೈತಿ."

ನಾನು ಬಿಸಿಲಿನಲ್ಲಿ ಅವಳ ಪಾಸ್‌ಪೋರ್ಟ್ ಹಿಡಿದುಕೊಂಡು ನಿಂತೆ. ಕಡಿಮೆಯೆಂದರೂ ಹತ್ತು ನಿಮಿಷ. ಮೂರು ತಿಂಗಳು ಕಾದ ಕಾಗದ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಆ ಕೈ ಅವಸರ ಮಾಡಲಿಲ್ಲ. ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ, ಬಾಲದ ಬುಡದಲ್ಲಿ, ಎಲ್ಲ ಮುಗಿಸಿ, ಕಟ್ಟು ಬಿಚ್ಚಿ, ಕುರಿ ಎದ್ದು ಮೈ ಕೊಡವಿಕೊಂಡು ಹೋಗುವತನಕ ಅದರ ನಡಿಗೆ ನೋಡಿ, ಆಮೇಲೆ ಹೊಳೆಗಿಳಿದು ಕೈ ತೊಳೆದುಕೊಂಡು ಬಂದಳು. ವೀಸಾದ ಪುಟ ತೆಗೆದು ಬಹಳ ಹೊತ್ತು ನೋಡಿದಳು. ರಾಮಲಿಂಗ ಕಸಿದುಕೊಳ್ಳಲು ಬಂದಾಗ, "ಕೈ ತೊಳಕೊಂಡ ಬಾ" ಎಂದಳು.

ಭರಮವ್ವ ನನ್ನ ಪಕ್ಕ ಬಂದು ಕೂತು ಎಲೆಯಡಿಕೆ ತೆಗೆದಳು. ಅಳುತ್ತಾಳೇನೋ ಎಂದು ನಾನು ಹೆದರಿದ್ದೆ. ಆಕೆ ಕೇಳಿದ್ದು ಬೇರೆ.

"ಸಾವ್ಕಾರ್ರ, ಆ ಕುರಿ ಕಾಯೂ ಮುದುಕಗ ಮಕ್ಕಳಿಲ್ಲೇನ್ರಿ?"

"ಇದ್ದಾರಂತವಾ. ಪ್ಯಾಟ್ಯಾಗ ಅದಾರಂತ. ಕುರಿ ಯಾರಿಗೂ ಬ್ಯಾಡಂತ."

ಎಲೆಗೆ ಸುಣ್ಣ ಸವರಿ ಮಡಿಸಿದಳು. "ಹಂಗಾರ ಇಕಿ ಹೋಗೂದ ಛಲೋ ಆತು ಬಿಡ್ರಿ. ಕಡೀ ಸಲ ಗುಡ್ಡಾ ಹತ್ತುವಾಗ ಕುರಿ ಬಲ್ಲವರು ಒಬ್ಬರರೆ ಬಾಜೂ ಇರಬೇಕು."

ಮೇ ಇಪ್ಪತ್ತೆರಡಕ್ಕೆ ಪ್ರಮಿಳಾ ಹೋದಳು. ಹೋದ ಹತ್ತನೆಯ ದಿನ ಅಂಗಡಿಗೆ ಫೋನ್ ಮಾಡಿದಳು. ಹಿಂದೆ ಕುರಿಗಳ ಕೊರಳ ಗಂಟೆಗಳ ಸದ್ದು ಕೇಳಿಸುತ್ತಿತ್ತು. ಬೆಳಿಗ್ಗೆಯೆಲ್ಲ ಹಿಂಡಿನ ಜೊತೆ ಇರುತ್ತಾಳಂತೆ, ಮಧ್ಯಾಹ್ನದ ಮೇಲೆ ಕಂಪನಿಯ ಕೆಲಸವಂತೆ. ಮುದುಕನಿಗೆ ಇಂಗ್ಲಿಷ್ ಬಾರದು, ಇವಳಿಗೆ ಸ್ಪ್ಯಾನಿಷ್ ಬಾರದು. ತ್ರಾಸಾಗುವುದಿಲ್ಲವೇ ಎಂದು ಕೇಳಿದೆ.

"ಮೊದಲನೇ ದಿನಾ ಆತ್ರಿ. ಮರುದಿನಾ ಒಂದ ಕುರಿ ಹಿಡದ ನನ್ನ ಮುಂದ ನಿಂದರಿಸಿದಾ, ನೀ ನೋಡು ಅನ್ನೂಹಂಗ. ಗೊರಸ ಬಿಡಿಸಿ ತೋರಿಸಿದ್ನಿ. ಅವತ್ತಿನಿಂದ ತನ್ನ ಬುತ್ತಿ ರೊಟ್ಟ್ಯಾಗ ಅರ್ಧಾ ಮುರದ ನನಗ ಕೊಡತಾನ. ಇಲ್ಲಿ ರೊಟ್ಟಿ ಭಾಳ ಬಿರುಸ್ರಿ ಕಾಕಾ, ನಮ್ಮವ್ವನ ರೊಟ್ಟೀನ ಮೆತ್ತಗ."

ನಗುತ್ತಲೇ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ, "ತಡೀರಿ, ಅಂವಾ ಕರಿಯಾಕತ್ತಾನ" ಎಂದು ಫೋನ್ ಇಟ್ಟಳು.